ತೆರೆಯ ಅಂಕಿಯೋ, ಮೀಟರಿನ ಅಂಕಿಯೋ?
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಇಂದಾಪುರಕ್ಕೆ ಬಂದು ನೆಲೆಸಿರುವ ನಮ್ಮವರಲ್ಲಿ ಹಲವರು ಹಳೆಯ ಕಂಪ್ಯೂಟರುಗಳನ್ನು ಕೊಂಡಿರುವರು. ಮಕ್ಕಳ ಅಭ್ಯಾಸಕ್ಕೆ, ನೌಕರಿಯ ಅರ್ಜಿಗೆ, ಪ್ರಾವಿಡೆಂಟ್ ಫಂಡಿನ ಕೆಲಸಕ್ಕೆ ಅದು ಬೇಕು. ಕೆಟ್ಟಿತೆಂದರೆ ಅಂಗಡಿಯವನು ಹೇಳಿದ್ದೇ ಬೆಲೆ. ಆ ಬೆಲೆ ತೆರುವ ಮೊದಲು ನಾವೇ ನೋಡಿಕೊಳ್ಳಬಹುದಾದ ಒಂದು ಸಂಗತಿಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇವೆ.

ಗೋಡೆಯ ೨೩೦ ವೋಲ್ಟನ್ನು ಯಂತ್ರವು ನೇರವಾಗಿ ತಾಳಲಾರದು. ಎಸ್.ಎಂ.ಪಿ.ಎಸ್. ಎಂಬ ತಗಡಿನ ಡಬ್ಬಿ ಅದನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿಕೊಡುತ್ತದೆ. ಹಳದಿ ತಂತಿ ೧೨, ಕೆಂಪು ೫, ಕಿತ್ತಳೆ ೩.೩, ಕರಿಯದು ಸೊನ್ನೆ. ಇಂಟೆಲ್ ಕಂಪನಿ ೧೯೯೫ರಲ್ಲಿ ಹೊರತಂದ ಎ.ಟಿ.ಎಕ್ಸ್. ಮಾದರಿಯ ಕಟ್ಟಳೆಯಿದು. ಇದರಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ೧೨ ಎಂಬುದು ೧೧.೪ರಿಂದ ೧೨.೬ರೊಳಗೆ, ೫ ಎಂಬುದು ೪.೭೫ರಿಂದ ೫.೨೫ರೊಳಗೆ ಇದ್ದರೆ ಸರಿ. ಕೆಲವು ಹೊಸ ಡಬ್ಬಿಗಳಲ್ಲಿ ಎಲ್ಲ ತಂತಿಯೂ ಕರಿಯದೇ; ಅಲ್ಲಿ ಬಣ್ಣ ನೋಡಿ ಕೈಹಚ್ಚಬಾರದು.

ನಮ್ಮ ಸದಸ್ಯರೊಬ್ಬರ ಯಂತ್ರವು ನಡುನಡುವೆ ತಾನಾಗಿ ಆರಿಹೋಗುತ್ತಿತ್ತು. ಅಂಗಡಿಯವರು ಬಯೋಸ್ ಪುಟ ತೆರೆದು, ‘ನೋಡಿರಿ, ೧೨ ಇರಬೇಕಾದಲ್ಲಿ ೮.೯ ಇದೆ. ಡಬ್ಬಿಯೂ ಹೋಯಿತು, ಮದರ್‌ಬೋರ್ಡೂ ಹೋಯಿತು’ ಎಂದರು. ಕೇಳಿದ ಹಣವೋ ಅವರ ಅರ್ಧ ತಿಂಗಳ ಪಗಾರ! ವಿಚಾರ ಮಾಡಿರಿ: ೧೨ ನಿಜವಾಗಿ ೮.೯ಕ್ಕೆ ಇಳಿದಿದ್ದರೆ, ಆ ಅಂಕಿಯನ್ನು ತೋರಿಸಲು ಯಂತ್ರ ಎದ್ದು ನಿಲ್ಲುತ್ತಿತ್ತೇ? ಬೋರ್ಡಿನ ಮೇಲಿನ ಅಳೆಯುವ ಚಿಪ್ಪು ಕೆಲವೇ ವೋಲ್ಟುಗಳನ್ನು ತಾಳಬಲ್ಲದು. ಆದುದರಿಂದ ೧೨ನ್ನು ಪಾಲುಮಾಡಿ ಅದಕ್ಕೆ ಕೊಟ್ಟು, ಬಂದ ಅಂಕಿಯನ್ನು ಮತ್ತೆ ಗುಣಿಸಿ ತೆರೆಗೆ ತರುತ್ತಾರೆ. ಗುಣಕ ತಪ್ಪಿದರೆ ಲೆಕ್ಕವೇ ತಪ್ಪು. ಖಾತೆ ಬರೆಯುವ ನಮಗೆ ಇದು ಹೊಸದೇನಲ್ಲ.

ಮಲ್ಟಿಮೀಟರನ್ನು ಡಿ.ಸಿ. ೨೦ಕ್ಕೆ ತಿರುಗಿಸಿದೆವು. ಹಾರ್ಡ್ ಡಿಸ್ಕಿಗೆಂದು ಬಿಟ್ಟಿದ್ದ ನಾಲ್ಕು ಕಣ್ಣಿನ ಖಾಲಿ ಪ್ಲಗ್ಗಿನಲ್ಲಿ ಕರಿ ಮೊನೆಯನ್ನು ಕರಿ ತಂತಿಯ ಕಣ್ಣಿಗೆ, ಕೆಂಪು ಮೊನೆಯನ್ನು ಹಳದಿಯ ಕಣ್ಣಿಗೆ ಮುಟ್ಟಿಸಿದೆವು. ೧೨.೦೫ ಬಂದಿತು. ಅಷ್ಟಕ್ಕೇ ಬಿಡಲಿಲ್ಲ. ಬಿಡುವಾಗಿರುವ ಎತ್ತು ಎಲ್ಲವೂ ಗಟ್ಟಿಯೇ. ನೊಗ ಹೂಡಿದಾಗ ನೋಡಬೇಕು. ಯಂತ್ರಕ್ಕೆ ಭಾರದ ಕೆಲಸ ಕೊಟ್ಟು ಮತ್ತೆ ಅಳೆದೆವು: ೧೧.೯. ಇದು ೧೧.೪ಕ್ಕಿಂತ ಕೆಳಗೆ ಜಾರಿದ್ದರೆ ಡಬ್ಬಿ ಬದಲಿಸಿರಿ ಎನ್ನುತ್ತಿದ್ದೆವು, ಅದೂ ಡಬ್ಬಿಯೊಂದನ್ನೇ.

ಹಾಗಾದರೆ ಆರುತ್ತಿದ್ದುದೇಕೆ? ಗೋಡೆಯ ಸಾಕೆಟ್ಟು ಸಡಿಲಾಗಿತ್ತು; ಪಿನ್ನು ಕರಕಾಗಿತ್ತು. ವಿದ್ಯುತ್ತು ತಪ್ಪಿದರೆ ಡಬ್ಬಿ ತಡೆದುಕೊಳ್ಳುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ವೈರ್‌ಮನ್ ಬಂದು ಹೊಸ ಸಾಕೆಟ್ಟು ಕೂಡಿಸಿದ ಮೇಲೆ ಯಂತ್ರ ಆರಿಲ್ಲ. ಬಯೋಸಿನಲ್ಲಿ ಈಗಲೂ ೮.೯ ಇದೆ, ಇರಲಿ.

ಈ ತಾಲೂಕಿನಲ್ಲಿ ಕಬ್ಬಿಗೆ ನೀರೆತ್ತುವ ಮೋಟಾರುಗಳು ಒಮ್ಮೆಲೇ ಶುರುವಾದರೆ ದೀಪ ಮಂಕಾಗುವುದುಂಟು. ಅದರಿಂದ ೧೨ ಕುಸಿಯಿತೆಂದು ತಿಳಿಯಬೇಡಿರಿ. ಗೋಡೆಯಲ್ಲಿ ೨೦೦ ಇದ್ದರೂ ಒಳ್ಳೆಯ ಡಬ್ಬಿ ೧೨ನ್ನು ಕಾಯ್ದುಕೊಳ್ಳಬೇಕು. ಆದರೆ ದೀಪಗಳು ಕೆಲವು ಮಂಕಾಗಿ ಕೆಲವು ವಿಪರೀತ ಉರಿದರೆ ನ್ಯೂಟ್ರಲ್ ಕಡಿದಿರಬಹುದು. ಆಗ ಮುಖ್ಯ ಸ್ವಿಚ್ಚನ್ನೇ ಆರಿಸಿ ವೈರ್‌ಮನ್ನನನ್ನು ಕರೆಯಿರಿ. ಗೋಡೆಯ ವಿದ್ಯುತ್ತನ್ನು ಅಳೆಯುವ ಕೆಲಸವೂ ಅವನದೇ.

ಡಬ್ಬಿಯ ಮುಚ್ಚಳವನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ಗು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ೩೦೦ ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದು, ಜೀವಕ್ಕೆ ಅಪಾಯ.

ಮೀಟರನ್ನು ವಾಚನಾಲಯದ ಕಪಾಟಿನಲ್ಲಿ ಇಟ್ಟಿರುವೆವು. ಪುಸ್ತಕದಂತೆಯೇ ಹೆಸರು ಬರೆಸಿ ಒಯ್ಯಬಹುದು. ಅಳೆದು ರೂಢಿಯಿಲ್ಲದವರು ರವಿವಾರ ಬೆಳಿಗ್ಗೆ ಯಂತ್ರವನ್ನೇ ಇಲ್ಲಿಗೆ ತಂದರೆ ಕೂಡಿ ನೋಡೋಣ.