ಫಲಕದ ಬರಹ ಓದುವವರಿಗೆ ಕಾಣಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ನಮ್ಮ ಸಂಘದ ಈ ಶುಭ ಸಮಾರಂಭದಲ್ಲಿ ನಾಲ್ಕು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ನಾವು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವವರು. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಡೈರಿ ಮುಂದೆ ಸಾಲಿನಲ್ಲಿ ನಿಲ್ಲುವವರೂ ಹೌದು. ಹಸುವಿನ ಮೇವು, ರೋಗರುಜಿನದ ಬಗ್ಗೆ ಡಾಕ್ಟರು ಈಗಾಗಲೇ ಚೆನ್ನಾಗಿ ಹೇಳಿದ್ದಾರೆ. ನಾವು ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು. ತಕ್ಕಡಿಯ ಅಂಕಿ, ಗೋಡೆಯ ಫಲಕ ಸದಸ್ಯರ ಕಣ್ಣಿಗೆ ಸರಿಯಾಗಿ ಕಾಣುತ್ತವೆಯೇ?

ಇದು ಯಾಕೆ ಬಂತು ಅಂದರೆ, ಎಲೆಕ್ಟ್ರಾನಿಕ್ ತಕ್ಕಡಿ ಬಂದ ಹೊಸತರಲ್ಲಿ ನಡೆದ ಒಂದು ಜಗಳ ನಿಮಗೆಲ್ಲ ನೆನಪಿರಬೇಕು. ನಮ್ಮ ಕೇರಿಯ ಅಜ್ಜಿಯೊಬ್ಬರು ಮೆಟ್ಟಿಲ ಕೆಳಗೆ ನಿಂತು, "ಏನಪ್ಪಾ, ತಕ್ಕಡೀಲಿ 4.8 ಅಂತ ಕಾಣ್ತಾ ಐತೆ, ನೀನು ಪುಸ್ತಕದಾಗೆ 4.6 ಬರ್ಕೊಂಡ್ಯಲ್ಲ!" ಎಂದು ಗಟ್ಟಿಯಾಗಿ ಕೇಳಿದರು. ಕಾರ್ಯದರ್ಶಿಗಳು ದೇವರ ಮೇಲೆ ಆಣೆ ಇಟ್ಟರು. ಸಾಲಿನಲ್ಲಿದ್ದವರು ಎರಡು ಪಕ್ಷ ಆದರು. ಕೊನೆಗೆ ಯಾರೋ ಅಜ್ಜಿಯ ಕೈಹಿಡಿದು ಮೇಲೆ ಹತ್ತಿಸಿ, ತಕ್ಕಡಿಯ ಎದುರಿಗೇ ನಿಲ್ಲಿಸಿದರು. ಅಲ್ಲಿಂದ 4.6! ಕೆಳಗಿಳಿದು ಓರೆಯಾಗಿ ನೋಡಿದರೆ ಮತ್ತೆ 4.8! ಅಜ್ಜಿ ಸುಳ್ಳು ಹೇಳಲಿಲ್ಲ, ಕಾರ್ಯದರ್ಶಿಗಳು ಕದಿಯಲಿಲ್ಲ. ತಪ್ಪು ಇದ್ದದ್ದು ನೋಡುವ ಕೋನದಲ್ಲಿ.

ಇದರ ಗುಟ್ಟು ಹೀಗಿದೆ. ಈ ತಕ್ಕಡಿಯ ಪ್ರತಿ ಅಂಕಿಯೂ ಏಳು ಗೆರೆಗಳಿಂದ ಆದದ್ದು. ಏಳೂ ಮೂಡಿದರೆ 8. ಬಲಗಡೆಯ ಮೇಲಿನ ಒಂದೇ ಗೆರೆ ಇಲ್ಲವಾದರೆ 6. ಎಡಗಡೆಯ ಕೆಳಗಿನದು ಇಲ್ಲವಾದರೆ 9. ನಡುವಿನದು ಇಲ್ಲವಾದರೆ ಸೊನ್ನೆ. ಇಂಥ ಎಲ್‌ಸಿಡಿ ಕಿಟಕಿಯಲ್ಲಿ ಎರಡು ಗಾಜಿನ ನಡುವೆ ದ್ರವಸ್ಫಟಿಕ ಎಂಬ ತೆಳು ಪದರ ಇರುತ್ತದೆ. ಅದು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ. ಗಾಜಿನ ಹೊರಗೆ ಅಂಟಿಸಿದ ಹಾಳೆಗಳು ಆ ಬೆಳಕನ್ನು ಬಿಡುತ್ತವೆ ಇಲ್ಲವೇ ತಡೆಯುತ್ತವೆ. ಈ ಏರ್ಪಾಡು ಇಂತಿಷ್ಟೇ ದಿಕ್ಕಿನಿಂದ ನೋಡುವ ಕಣ್ಣಿಗೆಂದು ಹೊಂದಿಸಿದ್ದು. ತೀರಾ ಓರೆಯಿಂದ ನೋಡಿದರೆ ಬೆಳಕು ಪದರವನ್ನು ಬೇರೆ ದಾರಿಯಲ್ಲಿ ದಾಟುತ್ತದೆ. ಆಗ ಕಪ್ಪಾಗಿರಬೇಕಾದ ಗೆರೆ ಮಾಸುತ್ತದೆ, ಇಲ್ಲದ ಗೆರೆಯೂ ನೆರಳಿನಂತೆ ಮೂಡುತ್ತದೆ. 6 ಹೋಗಿ 8 ಆಗುವುದು ಹೀಗೆ. ತಾನೇ ಬೆಳಗುವ ಕೆಂಪು ಎಲ್‌ಇಡಿ ಅಂಕಿಗಳಿಗೆ ಈ ತೊಂದರೆ ಕಡಿಮೆ. ಆದರೆ ನೇರ ಬಿಸಿಲು ಬಿದ್ದರೆ ಅವೂ ಮಂಕು.

ಇನ್ನು ಗೋಡೆಯ ಫಲಕಕ್ಕೆ ಬರೋಣ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಲೆಕ್ಕ ಇದೆ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ನೇತುಹಾಕಿರುವ ಅಕ್ಷರದ ಪಟವನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ಹರ್ಮನ್ ಸ್ನೆಲೆನ್. ಆ ಲೆಕ್ಕದಲ್ಲಿ 6 ಮೀಟರ್, ಅಂದರೆ ಸುಮಾರು 20 ಅಡಿ ದೂರಕ್ಕೆ, ಒಳ್ಳೆಯ ಕಣ್ಣು ಗುರುತಿಸುವ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ನೋಟೀಸಿನ 3 ಮಿಲಿಮೀಟರ್ ಅಕ್ಷರ 2 ಮೀಟರಿನಾಚೆ ಒಳ್ಳೆಯ ಕಣ್ಣಿಗೂ ಕಷ್ಟ. ಪೊರೆ ಬಂದ ಕಣ್ಣಿನ ಪಾಡು ಕೇಳಬೇಕೆ? ಇದು ಇಂಗ್ಲಿಷಿನ ಸರಳ ದೊಡ್ಡಕ್ಷರದ ಲೆಕ್ಕ. ನಮ್ಮ ಒತ್ತು, ಕೊಂಬು, ದೀರ್ಘ ಸೇರಿದ ಅಕ್ಷರಕ್ಕೆ ಇನ್ನೂ ಹೆಚ್ಚು ಜಾಗ ಬೇಕು.

ಪಕ್ಕದಿಂದ ನೋಡಿದರೆ ಅಕ್ಷರ ಅಗಲದಲ್ಲಿ ಕುಗ್ಗುತ್ತದೆ. ನೇರದಿಂದ 60 ಡಿಗ್ರಿ ಪಕ್ಕಕ್ಕೆ ಸರಿದರೆ ಅಗಲ ಅರ್ಧವೇ ಉಳಿಯುತ್ತದೆ. ಹೆದ್ದಾರಿಯ ಮೇಲೆ ಬರೆಯುವ ಅಕ್ಷರಗಳನ್ನು ಉದ್ದಕ್ಕೆ ಎಳೆದು ಬರೆಯುವುದು ಇದೇ ಕಾರಣಕ್ಕೆ. ಚಾಲಕ ಅವನ್ನು ಬಹಳ ಓರೆಯಿಂದ ನೋಡುತ್ತಾನೆ, ಅವನ ಕಣ್ಣಿಗೆ ಅವು ಕುಗ್ಗಿ ಸರಿಯಾಗಿ ಕಾಣುತ್ತವೆ. ಬರೆಯುವವರು ಓದುವವರ ಜಾಗದಲ್ಲಿ ನಿಂತು ಯೋಚಿಸಿದ್ದಾರೆ!

ಅಕ್ಷರದ ಅಂದವೂ ಅಷ್ಟೇ. ದ, ಥ, ಧ ಈ ಮೂರಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆ, ಒಂದು ಸೀಳು. ಕನ್ನಡದ ೧ ಮತ್ತು ೦ ನಡುವೆ ಇರುವುದು ಸುತ್ತಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ. ಕುಂಚ ದಪ್ಪ ಹಿಡಿದು, ಮೇಲೆ ನೆರಳು, ಬಳ್ಳಿ, ಹೂವು ಸೇರಿಸಿದರೆ ಆ ಬಾಯಿ ಮುಚ್ಚಿಹೋಗುತ್ತದೆ. ಸಂಘದ ಹೆಸರಿಗೆ ಅಲಂಕಾರ ಇರಲಿ, ಬೇಡ ಅನ್ನುವುದಿಲ್ಲ. ಹಾಲಿನ ದರಕ್ಕೆ, ಬೋನಸ್ಸಿನ ಪಟ್ಟಿಗೆ ಅಲಂಕಾರ ಬೇಡ.

ಆದ್ದರಿಂದ ಆಡಳಿತ ಮಂಡಳಿಗೆ ನಮ್ಮ ವಿನಂತಿ ಇಷ್ಟು. ತಕ್ಕಡಿಗೆ ಸದಸ್ಯರ ಕಡೆಗೂ ಒಂದು ಅಂಕಿಯ ಕಿಟಕಿ ಇರಲಿ, ಅದು ನಿಂತವರ ಕಣ್ಣಿನ ಎತ್ತರಕ್ಕೆ ಬರಲಿ. ದರದ ಫಲಕ ಬಾಗಿಲ ಮೇಲಿನಿಂದ ಇಳಿದು ಸಾಲಿನ ಎದುರಿಗೆ ಬರಲಿ. ಬಿಳಿಯ ಮೇಲೆ ಕಪ್ಪು ಅಕ್ಷರ, ಹೊಳಪಿಲ್ಲದ ಬಣ್ಣ ಸಾಕು. ಗಾಜು ಹಾಕಲೇಬೇಕಾದರೆ ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯದಂತೆ ಮೇಲ್ತುದಿ ಸ್ವಲ್ಪ ಮುಂದಕ್ಕೆ ಬಾಗಿರಲಿ. ಎಲ್ಲ ಆದ ಮೇಲೆ, ಓದು ಬಲ್ಲ ಹಿರಿಯ ಸದಸ್ಯರೊಬ್ಬರನ್ನು ಅವರು ದಿನಾ ನಿಲ್ಲುವ ಜಾಗದಲ್ಲೇ ನಿಲ್ಲಿಸಿ, "ಓದಿ ಹೇಳಿ" ಎನ್ನಿ. ಅವರು ತಡವರಿಸಿದರೆ ಫಲಕ ಬದಲಾಯಿಸಿ, ಅವರನ್ನು ದೂರಬೇಡಿ.

200 ಗ್ರಾಂ ಹಾಲಿನ ಬೆಲೆ ದೊಡ್ಡದಲ್ಲ. ಆದರೆ "ನನ್ನ ಹಾಲು ಹೊಡೆದರು" ಎಂಬ ಅನುಮಾನ ಮನೆಗೆ ಹೋದರೆ ಅದು ಊರೆಲ್ಲ ಸುತ್ತುತ್ತದೆ, ಸಂಘ ಒಡೆಯುವುದು ಅಲ್ಲಿಂದಲೇ. ಲೆಕ್ಕ ಸರಿಯಿದ್ದರೆ ಸಾಲದು, ಸರಿಯಿರುವುದು ಸದಸ್ಯರ ಕಣ್ಣಿಗೂ ಕಾಣಬೇಕು. ಆ ಅಜ್ಜಿಗೆ ಅವರು ನಿಂತ ಕಡೆಯಿಂದಲೇ 4.6 ಕಾಣುವಂತೆ ಮಾಡುವುದೇ ಈ ರಜತ ಮಹೋತ್ಸವದ ಒಂದು ಕೆಲಸವಾಗಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.