ಎಕ್ಸ್‌ರೇಯಲ್ಲಿ ಕಂಡ ಮಣಿಸರ



ಇವತ್ತು ಪಾಠದ ಪುಸ್ತಕ ಸ್ವಲ್ಪ ಬದಿಗಿಡೋಣ. ಚಂದ್ರಾ ಲೇಔಟಿನ ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ದೊಡ್ಡ ಕವರು ತಂದಿದ್ದರು. ಮೇಲಿದ್ದ ತಮ್ಮ ಹೆಸರನ್ನು ತಾವೇ ಕೂಡಿಸಿ ಓದಿದರು. ಒಳಗೆ ಎಕ್ಸ್‌ರೇ ಇತ್ತು.

"ಟೀಚರ್, ಟ್ಯೂಬಿಗೆ ಟಿ.ಬಿ. ಇರಬಹುದು ಅಂದ್ರು. ನಂಗೆ ಕೆಮ್ಮೇ ಇಲ್ವಲ್ಲ?" ಎಂದರು.

ಅವರಿಗೆ ಮದುವೆಯಾಗಿ ಆರು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಅವರು ಕೇಳಿದ ಮಾತುಗಳನ್ನು ನಾವು ಹೇಳಬೇಕಾಗಿಲ್ಲ, ನಿಮಗೆ ಗೊತ್ತು. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಹೆಸರು ಬೇಡ.

ಟಿ.ಬಿ. ಅಂದರೆ ಕ್ಷಯ. ಅದು ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ. ಆದರೆ ಅದರ ಕ್ರಿಮಿ ರಕ್ತದಲ್ಲಿ ಸೇರಿ ಬೇರೆ ಕಡೆಗೂ ಹೋಗುತ್ತದೆ. ಹೆಂಗಸರ ಗರ್ಭದ ಭಾಗಕ್ಕೆ ಬಂದರೆ ಹೆಚ್ಚಾಗಿ ಹಿಡಿಯುವುದು ಟ್ಯೂಬುಗಳನ್ನೇ. ಪುಸ್ತಕದಲ್ಲಿ ಇದನ್ನು ಅಂಡನಾಳ ಎಂದು ಬರೆಯುತ್ತಾರೆ. ಗರ್ಭಕೋಶದ ಎರಡು ಕಡೆ ಒಂದೊಂದು ಇರುತ್ತದೆ. ಉದ್ದ ಸುಮಾರು 4 ಇಂಚು. ಗಂಡು ಹೆಣ್ಣಿನ ಬೀಜ ಕೂಡುವುದು ಅಲ್ಲೇ. ಕ್ರಿಮಿ ಅಲ್ಲಿ ಹುಣ್ಣು ಮಾಡುತ್ತದೆ. ಹುಣ್ಣು ಮಾಯುವಾಗ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಕೆಲವರಿಗೆ ಕಿಬ್ಬೊಟ್ಟೆ ನೋವು, ಮುಟ್ಟು ಕಡಿಮೆಯಾಗುವುದು, ಜ್ವರ ಇರಬಹುದು. ಎಷ್ಟೋ ಜನರಿಗೆ ಏನೂ ಇರುವುದಿಲ್ಲ. ಮಗು ಆಗದಿರುವುದೊಂದೇ ಗುರುತು.

ಮುಟ್ಟು ಮುಗಿದ ಕೆಲವು ದಿನದೊಳಗೆ ಈ ಎಕ್ಸ್‌ರೇ ತೆಗೆಯುತ್ತಾರೆ. ಸಣ್ಣ ನಳಿಕೆಯಿಂದ ಗರ್ಭಕೋಶದೊಳಗೆ ಔಷಧಿ ನೀರು ಬಿಡುತ್ತಾರೆ. ಸ್ವಲ್ಪ ಹೊತ್ತು ಮುಟ್ಟಿನ ನೋವಿನ ಹಾಗೆ ನೋವಾಗುತ್ತದೆ. ಆ ನೀರು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಎಲ್ಲ ಸರಿಯಿದ್ದರೆ ಗರ್ಭಕೋಶ ತಲೆಕೆಳಗಾದ ತ್ರಿಕೋನ. ಅದರ ಎರಡು ಮೂಲೆಯಿಂದ ಎರಡು ಬಿಳಿ ದಾರ. ದಾರದ ತುದಿಯಿಂದ ನೀರು ಆಚೆ ಚೆಲ್ಲಿರುತ್ತದೆ. ಟಿ.ಬಿ. ಹಿಡಿದ ಟ್ಯೂಬು ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಬತ್ತಿ ಮಣಿಸರದಂತೆ ಕಾಣಬಹುದು. ಬಳುಕದೆ ಕಡ್ಡಿಯಂತೆ ಸೆಟೆದಿರಬಹುದು. ತುದಿ ಮುಚ್ಚಿ ಊದಿದ್ದರೆ ಡಾಕ್ಟರು ಅದಕ್ಕೆ ಹೊಗೆಸೊಪ್ಪಿನ ಚೀಲ ಎನ್ನುತ್ತಾರೆ. ನಮಗಂತೂ ಅಜ್ಜಿಯ ಎಲೆಅಡಿಕೆ ಸಂಚಿ ನೆನಪಾಯಿತು. ಆ ಅಕ್ಕನ ಚಿತ್ರದಲ್ಲಿ ಒಂದು ಕಡೆ ಮಣಿಸರ. ಇನ್ನೊಂದು ಕಡೆ ದಾರವೇ ಇರಲಿಲ್ಲ.

ಚಿತ್ರದಿಂದ ಅನುಮಾನ ಬರುತ್ತದೆ, ಅಷ್ಟೆ. ಬೇರೆ ಸೋಂಕಿನಿಂದಲೂ ಟ್ಯೂಬು ಮುಚ್ಚುತ್ತದೆ. ಅದಕ್ಕೇ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಿದರು. ಟಿ.ಬಿ. ಎಂದೇ ಬಂತು. ಅಂದ ಹಾಗೆ, ಗಂಡನ ಪರೀಕ್ಷೆಯೂ ಆಗಬೇಕು. ಅದು ಇದಕ್ಕಿಂತ ಸುಲಭ, ಮೊದಲೇ ಆಗಲಿ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾಯಿತು. ಅದರವರು ತುಮಕೂರು ಕಡೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ವಿಚಾರಿಸಿದರು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಬಹಳ ಜನರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ. 1963ರಲ್ಲಿ ಈ ವಿಷಯ ಅಚ್ಚಾಯಿತು. ಕೆಮ್ಮು ಇದ್ದವರ ಕಥೆಯೇ ಹೀಗಾದರೆ, ಕೆಮ್ಮಿಲ್ಲದ ಟಿ.ಬಿ.ಯನ್ನು ಯಾರು ಕೇಳುತ್ತಾರೆ? ಅದಕ್ಕೇ ನೀವೇ ಹೇಳಿ. "ಹಿಂದೆ ನನಗೆ ಟಿ.ಬಿ. ಇತ್ತು, ಮನೆಯಲ್ಲಿ ಒಬ್ಬರಿಗೆ ಇತ್ತು" ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಮಾತ್ರೆ ಸಾಮಾನ್ಯವಾಗಿ 6 ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಊಟಕ್ಕೆಂದು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಗೊತ್ತುಮಾಡಿದ್ದಾರೆ. ಮೂತ್ರ ಕಿತ್ತಳೆ ಬಣ್ಣ ಬರುತ್ತದೆ, ಹೆದರಬೇಡಿ. ಕಣ್ಣು ಹಳದಿಯಾದರೆ ಕೂಡಲೇ ತೋರಿಸಿ. ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ರೋಗ ವಾಸಿಯಾಗುತ್ತದೆ. ಆದರೆ ಗಟ್ಟಿಯಾಗಿ ಮುಚ್ಚಿದ ಟ್ಯೂಬು ಎಲ್ಲರಿಗೂ ತೆರೆಯುವುದಿಲ್ಲ. ಬೇಗ ಗೊತ್ತಾದಷ್ಟೂ ಒಳ್ಳೆಯದು. ಮುಂದೆ ಮುಟ್ಟು ತಪ್ಪಿದರೆ ಬೇಗ ಸ್ಕ್ಯಾನ್ ಮಾಡಿಸಬೇಕು. ಬಸಿರು ಟ್ಯೂಬಿನಲ್ಲೇ ನಿಂತರೆ ಪ್ರಾಣಕ್ಕೆ ಅಪಾಯ.

ಆ ಅಕ್ಕನಿಗೆ ಈಗ ನಾಲ್ಕನೆಯ ತಿಂಗಳು ನಡೆಯುತ್ತಿದೆ. ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕುತ್ತಾರೆ. ಹೋದ ವಾರ ಅವರ ಅತ್ತೆ, "ಇವತ್ತಿಂದು ತಗೊಂಡೆಯೇನಮ್ಮ?" ಅಂತ ಕೇಳಿದರಂತೆ.