ಔಷಧೀಯ ಸೀತಾಳೆಗೆ ಬಂದ ಬುಡಕೊಳೆ: ರೋಗಾಣುವನ್ನು ಗುರುತಿಸುವ ಬಗೆ



ಮುಂಗಾರಿನ ಆರಂಭದಲ್ಲಿ ಮಲೆನಾಡಿನ ಮರಗಳ ಮೇಲೆ ಹೂಬಿಡುವ ಸೀತಾಳೆ ದಂಡೆಯ ಕುಟುಂಬಕ್ಕೆ ಸೇರಿದ ಸಸ್ಯವೊಂದು ಚೀನಾದಲ್ಲಿ ಶತಮಾನಗಳಿಂದ ಔಷಧಿಯಾಗಿ ಬಳಕೆಯಲ್ಲಿದೆ. ಡೆಂಡ್ರೋಬಿಯಮ್ ಅಫಿಸಿನೇಲ್ ಎಂಬುದು ಅದರ ಶಾಸ್ತ್ರೀಯ ನಾಮ. ಅದರ ಕಾಂಡವನ್ನು ಸುರುಳಿ ಸುತ್ತಿ ಒಣಗಿಸಿ ಮಾರುತ್ತಾರೆ; ಹಸಿಯಾಗಿಯೇ ಅಗಿದು ತಿನ್ನುವವರೂ ಉಂಟು. ಕಾಡಿನಿಂದ ಮಿತಿಯಿಲ್ಲದೆ ಕಿತ್ತುದರ ಫಲವಾಗಿ ಸಸ್ಯವು ಅಪರೂಪವಾಯಿತು. ಈಗ ಝೆಜಿಯಾಂಗ್, ಯುನ್ನಾನ್ ಮೊದಲಾದ ಪ್ರಾಂತ್ಯಗಳಲ್ಲಿ ಅದನ್ನು ನೆರಳುಮನೆಗಳೊಳಗೆ, ಪೈನ್ ತೊಗಟೆಯ ಪಾತಿಗಳ ಮೇಲೆ ಬೆಳೆಸಲಾಗುತ್ತಿದೆ.

ಕಾಡಿನಲ್ಲಿ ಚದುರಿ ಬೆಳೆಯುತ್ತಿದ್ದ ಸಸ್ಯವನ್ನು ಒತ್ತೊತ್ತಾಗಿ ನೆಟ್ಟಾಗ ರೋಗಕ್ಕೂ ದಾರಿ ಸುಲಭವಾಯಿತು. ಬಿಸಿಯೂ ತೇವವೂ ಕೂಡಿದ ದಿನಗಳಲ್ಲಿ ಗಿಡದ ಬುಡ ಕಂದಿ ಮೆತ್ತಗಾಗುತ್ತದೆ, ಎಲೆ ಹಳದಿಯಾಗುತ್ತದೆ, ಕಾಂಡ ಬಾಗಿ ಬೀಳುತ್ತದೆ. ಈ ಬೆಳೆ ನೆಲಕಚ್ಚಿದರೆ ಕಳ್ಳಕೈಗಳು ಮತ್ತೆ ಕಾಡಿನತ್ತ ಚಾಚುತ್ತವೆ. ರೋಗ ತಿಳಿಯದೆ ಕಂಡ ಕಂಡ ವಿಷವನ್ನು ಸಿಂಪಡಿಸಿದರೆ ಅದರ ಶೇಷವು ಔಷಧಿಯೊಡನೆ ರೋಗಿಯ ಹೊಟ್ಟೆ ಸೇರುತ್ತದೆ. ಆದ್ದರಿಂದ ರೋಗಾಣು ಯಾವುದೆಂಬ ಪ್ರಶ್ನೆ ಪ್ರಯೋಗಾಲಯಕ್ಕಷ್ಟೇ ಸೀಮಿತವಾದುದಲ್ಲ.

ಕೊಳೆತ ಬೇರಿನಲ್ಲಿ ಶಿಲೀಂಧ್ರ ಕಂಡಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನುವಂತಿಲ್ಲ. ಸೀತಾಳೆಯ ಬೀಜ ಧೂಳಿನಷ್ಟು ಸೂಕ್ಷ್ಮ. ಅದರಲ್ಲಿ ಮೊಳಕೆಗೆ ಸಾಲುವಷ್ಟು ಆಹಾರವಿರುವುದಿಲ್ಲ. ಪ್ರಕೃತಿಯಲ್ಲಿ ಶಿಲೀಂಧ್ರದ ನೆರವಿನಿಂದಲೇ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಈ ಸಂಬಂಧವನ್ನು ಕಂಡುಕೊಂಡರು. ಆರೋಗ್ಯವಂತ ಬೇರಿನೊಳಗೂ ಇಂಥ ಸಹಜೀವಿಗಳಿರುತ್ತವೆ. ಸತ್ತ ಭಾಗಕ್ಕೆ ಆಮೇಲೆ ಬಂದು ಸೇರುವ ಕೊಳೆತಿನಿಗಳೂ ಇರುತ್ತವೆ. ಇವುಗಳ ನಡುವೆ ನಿಜವಾದ ರೋಗಕಾರಕವನ್ನು ಬೇರ್ಪಡಿಸಬೇಕು.

ಅದಕ್ಕೆ 19ನೆಯ ಶತಮಾನದ ಜರ್ಮನ್ ವೈದ್ಯ ರಾಬರ್ಟ್ ಕಾಖ್ ಅವರ ಹೆಸರಿನ ನಿಯಮಗಳೇ ಇಂದಿಗೂ ಆಧಾರ. ರೋಗ ತಗುಲಿದ ಗಿಡಗಳಲ್ಲೆಲ್ಲ ಆ ಜೀವಿ ಕಾಣಬೇಕು. ಅದನ್ನು ಪ್ರತ್ಯೇಕಿಸಿ ಅಗಾರ್ ತಟ್ಟೆಯಲ್ಲಿ ಶುದ್ಧವಾಗಿ ಬೆಳೆಸಬೇಕು. ಹಾಗೆ ಬೆಳೆದುದನ್ನು ಆರೋಗ್ಯವಂತ ಗಿಡಕ್ಕೆ ಸೋಂಕಿಸಿದಾಗ ಅದೇ ರೋಗ ಬರಬೇಕು. ಸೋಂಕಿಸದ ಗಿಡಗಳು ಪಕ್ಕದಲ್ಲೇ ಆರೋಗ್ಯವಾಗಿರಬೇಕು. ಕೊನೆಗೆ ಆ ಗಿಡದಿಂದ ಅದೇ ಜೀವಿ ಮರಳಿ ದೊರೆಯಬೇಕು. ಇದರೊಡನೆ ಡಿ.ಎನ್.ಎ. ಪರೀಕ್ಷೆಯೂ ಸೇರಿದೆ. ಶಿಲೀಂಧ್ರಗಳ ಗುರುತಿಗಾಗಿ ಐ.ಟಿ.ಎಸ್. ಎಂಬ ಡಿ.ಎನ್.ಎ. ಭಾಗವನ್ನು 2012ರಲ್ಲಿ ವಿಜ್ಞಾನಿಗಳು ಮುಂದಿಟ್ಟರು. ಆದರೆ ಈ ಪರೀಕ್ಷೆ ಜೀವಿಯ ಹೆಸರನ್ನು ಹೇಳುತ್ತದೆಯೇ ಹೊರತು ಅದು ರೋಗ ತಂದಿತೆಂಬುದನ್ನು ಸಿದ್ಧಪಡಿಸುವುದಿಲ್ಲ.

ಚೀನಾದ ಈ ಬೆಳೆಯ ಬುಡಕೊಳೆಗೆ ಕಾರಣವಾಗುವ ಜೀವಿಗಳಲ್ಲಿ ಸ್ಕ್ಲೆರೋಶಿಯಮ್ ಜಾತಿಯ ಶಿಲೀಂಧ್ರವೂ ಒಂದು. ಬುಡದಲ್ಲಿ ಬಿಳಿ ನೂಲಿನ ಬಲೆಯೂ ಸಾಸಿವೆಕಾಳಿನಂಥ ಕಂದು ಉಂಡೆಗಳೂ ಅದರ ಲಕ್ಷಣ. ಆ ಉಂಡೆಗಳು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ರೋಗಗ್ರಸ್ತ ಗಿಡದೊಡನೆ ಸುತ್ತಲಿನ ತೊಗಟೆಯನ್ನೂ ತೆಗೆದು ನಾಶಪಡಿಸಬೇಕು, ನೀರು ತಗ್ಗಿಸಬೇಕು, ಗಾಳಿಯಾಡುವಂತೆ ಮಾಡಬೇಕು. ಬ್ಯಾಕ್ಟೀರಿಯಾದಿಂದ ಬರುವ ಮೆದುಕೊಳೆಯೂ ದೂರದಿಂದ ಇದನ್ನೇ ಹೋಲುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಎರಚುವುದು ಹಣವನ್ನು ಮಣ್ಣಿಗೆ ಸುರಿದಂತೆ.

ಈ ಪಾಠ ಮಲೆನಾಡಿಗೆ ಹೊಸದಲ್ಲ. ಅಡಿಕೆ ಕೊಳೆರೋಗಕ್ಕೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ನೆಲೆಯೂರಿದುದು ಆ ತಿಳಿವಿನ ಬಲದಿಂದ.

ತೋಟದಲ್ಲಿ ಅಪರಿಚಿತ ರೋಗ ಕಂಡಾಗ ಔಷಧಿ ಹೊಡೆಯುವ ಮೊದಲೇ ಮಾದರಿ ತೆಗೆಯಬೇಕು. ಪೂರ್ತಿ ಕೊಳೆತ ಭಾಗಕ್ಕಿಂತ ರೋಗವೂ ಆರೋಗ್ಯವೂ ಕೂಡುವ ಅಂಚಿನ ತುಂಡು ಉತ್ತಮ. ಅದನ್ನು ಪ್ಲಾಸ್ಟಿಕ್ ಚೀಲದ ಬದಲು ಕಾಗದದಲ್ಲಿ ಸುತ್ತಿ, ಸ್ಥಳ, ದಿನಾಂಕ, ಮಳೆಯ ವಿವರ ಬರೆದು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೇಗನೆ ತಲುಪಿಸುವುದು ಲೇಸು. ಬರೆದಿಡುವ ಕೆಲಸವನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ವಹಿಸಿಕೊಂಡರೆ ಊರಿಗೇ ಉಪಕಾರವಾದೀತು.